ಸೊಂಟ ಹಿಡಿದುಕೊಂಡಾಗ: ಮಲಗಿದ್ದ ಸಲ, ಓಡಾಡಿದ ಸಲ

ನನಗೆ ಸೊಂಟ ಹಿಡಿದುಕೊಂಡಿದ್ದು ಎರಡು ಸಲ. ಎರಡು ಸಲವೂ ದೊಡ್ಡ ಭಾರವೇನೂ ಎತ್ತಿರಲಿಲ್ಲ. ಮೊದಲ ಸಲ ಮಂಚದ ಕೆಳಗಿದ್ದ ಚಪ್ಪಲಿ ತೆಗೆಯಲು ಬಗ್ಗಿದ್ದೆ. ಎರಡನೇ ಸಲ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಪಕ್ಕಕ್ಕೆ ತಿರುಗಿದ್ದೆ. ಸೊಂಟದ ಹತ್ತಿರ ಚಳಕ್ ಅಂದಿತು, ಅಷ್ಟೇ. ಬಗ್ಗಿದವನಿಗೆ ನೆಟ್ಟಗಾಗಲು ಆಗಲಿಲ್ಲ. ನೋವು ಎರಡು ಸಲವೂ ಹೆಚ್ಚುಕಡಿಮೆ ಒಂದೇ. ನಾನು ಅದಕ್ಕೆ ಮಾಡಿಕೊಂಡ ಉಪಚಾರ ಮಾತ್ರ ಬೇರೆ ಬೇರೆ.

ಮೊದಲ ಸಲ ಹಾಸಿಗೆಯನ್ನೇ ನಂಬಿದೆ. ನೋವಿದ್ದರೆ ಮಲಗಬೇಕು, ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ನಾಲ್ಕು ದಿನ ಮಲಗಿದೆ. ಊಟಕ್ಕೆ, ಬಚ್ಚಲಿಗೆ ಮಾತ್ರ ಏಳುತ್ತಿದ್ದೆ. ಮಲಗಿರುವಷ್ಟು ಹೊತ್ತು ಹಾಯಾಗಿತ್ತು ನಿಜ. ಆದರೆ ಪ್ರತಿ ಬೆಳಗ್ಗೆ ಏಳುವಾಗ ಸೊಂಟ ಹಿಂದಿನ ದಿನಕ್ಕಿಂತ ಜಾಸ್ತಿ ಬಿಗಿದುಕೊಂಡಿರುತ್ತಿತ್ತು. ಐದನೇ ದಿನ ಎದ್ದು ನಿಂತಾಗ ಸೊಂಟದ ಜೊತೆ ಕಾಲೂ ಸೋತಿದ್ದವು. ಮೊದಲಿನಂತೆ ಓಡಾಡಲು ಮೂರು ವಾರ ಹಿಡಿಯಿತು.

ಎರಡನೇ ಸಲ ಒಬ್ಬ ಫಿಸಿಯೋಥೆರಪಿಸ್ಟ್ ಮಾತು ಕೇಳಿದೆ. "ಸುಸ್ತಾದರೆ ಮಲಗಿ, ಆದರೆ ಮಲಗಿಯೇ ಇರಬೇಡಿ" ಅಂದರು. ಅವತ್ತು ಸಂಜೆಯಿಂದಲೇ ಗಂಟೆಗೊಮ್ಮೆ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆವರೆಗೆ ಹೋಗಿ ಬರುತ್ತಿದ್ದೆ. ಎಣಿಸಿದರೆ ಇಪ್ಪತ್ತೆರಡು ಹೆಜ್ಜೆ. ಮೊದಲ ನಾಲ್ಕೈದು ಹೆಜ್ಜೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹತ್ತು ಹೆಜ್ಜೆ ಆಗುವಷ್ಟರಲ್ಲಿ ಬಿಗಿ ಸ್ವಲ್ಪ ಸಡಿಲವಾಗುತ್ತಿತ್ತು. ಮೂರನೇ ದಿನ ಗೋಡೆ ಬಿಟ್ಟೆ. ಹತ್ತನೇ ದಿನ ಕೆಲಸಕ್ಕೆ ಹೋದೆ.

ಬರೀ ನನ್ನೊಬ್ಬನ ಅನುಭವ ನೋಡಿ ಯಾರೂ ತೀರ್ಮಾನ ಮಾಡಬಾರದು. ಆದರೆ ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ ದಿಢೀರ್ ಸೊಂಟನೋವು ಬಂದ 186 ಪೌರ ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮತ್ತೊಂದಕ್ಕೆ ನೋವು ತಡೆಯುವಷ್ಟು ದಿನನಿತ್ಯದ ಓಡಾಟ. 1995ರಲ್ಲಿ ಫಲಿತಾಂಶ ಬಂತು. ಓಡಾಡಿದವರು ಬೇಗ ಸುಧಾರಿಸಿದರು. ಮಲಗಿದವರೇ ಎಲ್ಲರಿಗಿಂತ ನಿಧಾನ. ವ್ಯಾಯಾಮದವರೂ ಓಡಾಡಿದವರನ್ನು ಹಿಂದೆ ಹಾಕಲಿಲ್ಲ ಅನ್ನುವುದನ್ನು ಗಮನಿಸಿ. ನಾನು ಎರಡನೇ ದಿನವೇ ಮಂಡಿಯನ್ನು ಎದೆಗೆ ಎಳೆದುಕೊಳ್ಳುವ ವ್ಯಾಯಾಮ ಮಾಡಲು ಹೋಗಿ ನೋವು ಜಾಸ್ತಿ ಮಾಡಿಕೊಂಡಿದ್ದೆ. ಅದಕ್ಕೆ ಒಂದು ವಾರ ಕಾದಿದ್ದರೆ ಆಗುತ್ತಿತ್ತು.

ಹಾಸಿಗೆಯಿಂದ ಏಳುವುದೇ ಎಲ್ಲಕ್ಕಿಂತ ಕಷ್ಟ. ಮೊದಲ ಸಲ ಅಂಗಾತ ಮಲಗಿದವನು ಹಾಗೇ ನೆಟ್ಟಗೆ ಏಳಲು ನೋಡುತ್ತಿದ್ದೆ, ಪ್ರತಿ ಸಲವೂ ಚೀರುತ್ತಿದ್ದೆ. ಎರಡನೇ ಸಲ ಕ್ರಮ ಕಲಿತೆ. ಮಂಡಿ ಮಡಚಿಕೊಳ್ಳಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಹೊರಳುವಂತೆ ಮಗ್ಗುಲಾಗಿ. ಕಾಲನ್ನು ಮಂಚದಿಂದ ಕೆಳಗೆ ಬಿಡುತ್ತಾ, ಅದೇ ಹೊತ್ತಿಗೆ ಕೈ ಊರಿ ಮೈಯನ್ನು ಮೇಲೆತ್ತಿ. ಸೊಂಟ ತಿರುಚುವುದೇ ಇಲ್ಲ. ನೋವು ಅರ್ಧಕ್ಕೆ ಇಳಿದ ಹಾಗೆ ಅನಿಸಿತು. ಮಗ್ಗುಲಾಗಿ ಮಲಗುವಾಗ ಎರಡು ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಂಡರೆ ನಿದ್ದೆಯೂ ಬರುತ್ತದೆ.

ಐಸೋ, ಶಾಖವೋ? ಎರಡನ್ನೂ ಮಾಡಿ ನೋಡಿದೆ. ಐಸನ್ನು ಟವೆಲ್‌ನಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟರೆ ಜಾಗ ಮರಗಟ್ಟುತ್ತದೆ, ನೋವು ಮರೆಯಾಗುತ್ತದೆ. ತೆಗೆದ ಸ್ವಲ್ಪ ಹೊತ್ತಿಗೆ ನನ್ನ ಸೊಂಟ ಮತ್ತೆ ಸೆಟೆದುಕೊಳ್ಳುತ್ತಿತ್ತು. ಬಿಸಿನೀರಿನ ಚೀಲ ಇಟ್ಟಾಗ ಹಾಗಾಗಲಿಲ್ಲ. ಇಪ್ಪತ್ತು ನಿಮಿಷ ಶಾಖ ಕೊಟ್ಟು, ಆ ಬಿಸಿ ಆರುವ ಮೊದಲೇ ಎದ್ದು ನಡೆಯುತ್ತಿದ್ದೆ. ನನಗೆ ನಿಜವಾಗಿ ಕೆಲಸ ಮಾಡಿದ್ದು ಈ ಜೋಡಿ. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಕೊಟ್ಟ ಮಾರ್ಗಸೂಚಿಯೂ ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್‌ನಂಥವನ್ನು ನೋಡಿ ಅನ್ನುತ್ತದೆ. ಚೀಲಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ನಿದ್ದೆ ಹೋಗಬೇಡಿ. ಚರ್ಮ ಸುಟ್ಟೀತು.

ಮಾತ್ರೆಗಳಲ್ಲಿ ಮೊದಲ ಸಲ ತಗೊಂಡಿದ್ದು ಪ್ಯಾರಾಸಿಟಮಾಲ್. ವ್ಯತ್ಯಾಸವೇ ಗೊತ್ತಾಗಲಿಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲೂ ಅದು ಸೊಂಟನೋವನ್ನು ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಬೇಗ ವಾಸಿ ಮಾಡಲಿಲ್ಲ. ಎರಡನೇ ಸಲ ವೈದ್ಯರನ್ನು ಕೇಳಿ ಐಬುಪ್ರೊಫೇನ್ ತಗೊಂಡೆ, ಊಟದ ಮೇಲೆ, ಮೂರೇ ದಿನ. ನಡೆಯುವಷ್ಟು ಬಲ ಕೊಟ್ಟಿತು. ಆದರೆ ಹೊಟ್ಟೆಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಇದನ್ನು ತಾವಾಗಿಯೇ ನುಂಗಬಾರದು.

ಮುಲಾಮು, ಸ್ಪ್ರೇ ಎರಡೂ ಹಚ್ಚಿದಾಗ ಉರಿದವು, ಅದಕ್ಕಿಂತ ಹೆಚ್ಚೇನಿಲ್ಲ. ಸೊಂಟದ ಬೆಲ್ಟ್ ಎರಡು ದಿನ ಧೈರ್ಯ ಕೊಟ್ಟಿತು, ಆಮೇಲೆ ಬಿಚ್ಚಿಟ್ಟೆ.

ಮೊದಲ ಸಲ ಭಯಕ್ಕೆ ಸ್ಕ್ಯಾನ್ ಮಾಡಿಸಿದ್ದೆ. ವರದಿಯಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂತು. ಅದನ್ನು ಓದಿ ಇನ್ನೂ ಎರಡು ದಿನ ಅಲುಗಾಡದೆ ಮಲಗಿದೆ. ಆಮೇಲೆ ಗೊತ್ತಾಗಿದ್ದು, ನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲೂ ಡಿಸ್ಕ್ ಉಬ್ಬಿರುತ್ತದೆ. 20ರ ವಯಸ್ಸಿನಲ್ಲಿ ಸುಮಾರು 30% ಜನರಿಗೆ, 80ರಲ್ಲಿ 84% ಜನರಿಗೆ. ಎರಡನೇ ಸಲ ವೈದ್ಯರು ಸ್ಕ್ಯಾನ್ ಬರೆಯಲಿಲ್ಲ. ಹಿಮ್ಮಡಿಯ ಮೇಲೆ, ಕಾಲ್ಬೆರಳ ಮೇಲೆ ನಡೆಸಿ ನೋಡಿದರು. ಕಾಲು ಜೋಮು ಹಿಡಿದಿದೆಯಾ, ಮೂತ್ರ ಸರಾಗವಾಗಿ ಹೋಗುತ್ತಿದೆಯಾ, ಜ್ವರ ಇದೆಯಾ, ಬಿದ್ದಿದ್ದಿರಾ ಅಂತ ಕೇಳಿದರು.

ಆ ಪ್ರಶ್ನೆಗಳು ಸುಮ್ನೆ ಕೇಳಿದವಲ್ಲ. ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಬಂದಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮನೆ ಉಪಚಾರ ಮಾಡುತ್ತಾ ಕೂರದೆ ವೈದ್ಯರನ್ನು ಕಾಣಬೇಕು. ತೊಡೆಸಂದು, ಗುದದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ ಯಾರನ್ನಾದರೂ ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋಗಿ.