ಪೊಟ್ಟಣದಲ್ಲಿ ಚಾವಿ ಇರಲಿಲ್ಲ: ಬೋಟ್ ಮೋಟರಿನ ವಾಟರ್ ಪಂಪ್ ಕಿಟ್, ಎರಡು ವರ್ಷದ ನಂತರ

ಬೆಳಿಗ್ಗೆ ಹಗ್ಗ ಎಳೆದು ಮೋಟರ್ ಚಾಲೂ ಮಾಡಿದ ಕೂಡಲೇ ನಾನು ನೋಡೋದು ಒಂದೇ: ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತಾ ಇದೆಯಾ ಅಂತ. ಮೋಟರ್ ತಣ್ಣಗಿಡಲು ವಾಟರ್ ಪಂಪ್ ಒಳಗೆ ಎಳೆದುಕೊಳ್ಳುವ ನೀರು ಅದು. ನಮ್ಮ ಹುಡುಗರು ಅದಕ್ಕೆ ಉಚ್ಚೆ ಧಾರೆ ಅನ್ನುತ್ತಾರೆ. ಅದಕ್ಕೆ ಅಂಗೈ ಒಡ್ಡುತ್ತೇನೆ. ಬೆಚ್ಚಗಿದ್ದರೆ ಬಲೆ ಹತ್ತಿಸಿ ಹೊರಡೋದು. ಕೈ ಸುಟ್ಟರೆ, ಇಲ್ಲಾ ಧಾರೆಯೇ ಇಲ್ಲದಿದ್ದರೆ, ತಕ್ಷಣ ಬಂದ್.

ನಮ್ಮ ಊರು ಬಾಗಲಕೋಟೆ ಹತ್ತಿರ, ಆಲಮಟ್ಟಿ ಹಿನ್ನೀರಿನ ದಂಡೆಗೆ. ಡ್ಯಾಮ್ 519.60 ಮೀಟರಿಗೆ ತುಂಬಿದಾಗ ಬೋಟ್ ಹೊಲದ ಬದುವಿಗೇ ಬರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬರೀ ಎರೆ ರಾಡಿ. ಆ ರಾಡಿಯನ್ನೇ ಮೋಟರ್ ಕುಡಿಯಬೇಕು. ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಗಳ ಚಕ್ರ, ಸವೆಯೋದು ಹೀಗೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮದರ ಧಾರೆ ಸಣ್ಣಗಾಗಿ, ಕೊನೆಗೆ ತೊಟ್ಟಿಕ್ಕತೊಡಗಿತು.

ಆನ್‌ಲೈನಿನಲ್ಲಿ 2,600 ರೂಪಾಯಿಗೆ ‘ಫುಲ್ ಕಿಟ್’ ತರಿಸಿದೆ. ನನಗೆ ಇದು ಸಣ್ಣ ದುಡ್ಡಲ್ಲ. ಮೋಟರೇ ಕಾರವಾರದಿಂದ ಸೆಕೆಂಡ್ ಹ್ಯಾಂಡ್ ತಂದದ್ದು, 15 ಎಚ್‌ಪಿ ಟೂ ಸ್ಟ್ರೋಕ್. ಸಮುದ್ರದ ಉಪ್ಪು ತಿಂದ ಬೋಲ್ಟುಗಳು ಪಾನಾಕ್ಕೆ ಬಗ್ಗಲಿಲ್ಲ. ರಾತ್ರಿಯಿಡೀ ಡೀಸೆಲ್ ಬಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಬಿಚ್ಚಿದೆ. ಗೇರ್ ಲಿಂಕ್ ಕಳಚಿ ಕೆಳಗಿನ ಪೆಟ್ಟಿಗೆ ಇಳಿಸಿ, ಪಂಪಿನ ಹೌಸಿಂಗ್ ಶಾಫ್ಟಿನಿಂದ ಮೇಲೆತ್ತಿದ್ದೇ ತಡ, ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಚಾವಿ ಟಣ್ ಅಂತ ಹಾರಿತು. ಅರ್ಧಚಂದ್ರದ ಚೂರು, ತೊಗರಿ ಕಾಳಿನಷ್ಟು. ಬಿದ್ದದ್ದು ಅಂಗಳದಲ್ಲಿ ಒಣಗಲು ಹಾಕಿದ್ದ ಜೋಳದ ರಾಶಿಗೆ!

ಪರವಾಗಿಲ್ಲ, ಹೊಸದಿದೆಯಲ್ಲಾ ಅಂದುಕೊಂಡು ಕಿಟ್ ಬಿಚ್ಚಿದೆ. ಇಂಪೆಲ್ಲರ್ ಇತ್ತು, ಸ್ಟೀಲ್ ಪ್ಲೇಟ್ ಇತ್ತು, ಗ್ಯಾಸ್ಕೆಟ್ ಇತ್ತು. ಚಾವಿ ಇಲ್ಲ. ಫೋಟೋದಲ್ಲಿ ಮಾತ್ರ ಇತ್ತು. ಮಾರಿದವರನ್ನು ಕೇಳಿದರೆ ಬಂದ ಉತ್ತರ: ‘ಫೋಟೋ ಮಾದರಿಗೆ ಮಾತ್ರ.’

ಅವ್ವ ಮೊರ ಹಿಡಿದು ಅರ್ಧ ಚೀಲ ಜೋಳ ಕೇರಿದಳು. ಸಂಜೆ ಹೊತ್ತಿಗೆ ಸಿಕ್ಕಿತು. "ಇಷ್ಟ ತುಣುಕಿನ ಮ್ಯಾಲೆ ನಿನ್ನ ಬೋಟ್ ನಡೀತದೇನೋ ತಮ್ಮಾ?" ಅಂದಳು. ನಡೆಯೋದು ಅದರ ಮೇಲೇ. ಆದರೆ ಒಂದು ಅಂಚು ಸವೆದಿತ್ತು. ಬಾಗಲಕೋಟೆಗೆ ಹೋಗಿ ಲೇಥ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದು ಮಾಡಿಸಬೇಕಾಯಿತು. ಮೊದಲನೆಯದು ಕೂದಲೆಳೆಯಷ್ಟು ಜಾಸ್ತಿ ದಪ್ಪ, ಕೂರಲಿಲ್ಲ. ಮತ್ತೆ ಬಸ್ಸು. ಮೂರು ದಿನ ಬೋಟ್ ದಂಡೆಯಲ್ಲೇ. ಆವಾಗ ವಿಮರ್ಶೆ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಕೂರಿಸೋದು ಕಷ್ಟವಲ್ಲ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರನ್ನು ಮಾತ್ರ ಹುಡುಕಲೇಬೇಕು, ಅದು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಪಂಪೂ ದಂಡ. ರಬ್ಬರಿಗೆ ಸೋಪಿನ ನೀರು ಸವರಿ, ಶಾಫ್ಟನ್ನು ಅದು ಓಡುವ ದಿಕ್ಕಿಗೇ, ನಮ್ಮದರಲ್ಲಿ ಗಡಿಯಾರದ ಮುಳ್ಳಿನಂತೆ, ತಿರುಗಿಸುತ್ತಾ ಹೌಸಿಂಗ್ ಒತ್ತಿದರೆ ರೆಕ್ಕೆಗಳು ತಾವೇ ಒಂದು ಕಡೆ ಮಲಗುತ್ತವೆ. ಟೆಸ್ಟ್ ನೀರು ತುಂಬಿದ ಡ್ರಮ್ಮಿನಲ್ಲೇ ಮಾಡಿ. ‘ಸುಮ್ನೆ ಒಂದ್ ಸಲ’ ಅಂತ ನೀರಿಲ್ಲದೆ ಚಾಲೂ ಮಾಡಿದರೆ ಹೊಸ ರಬ್ಬರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಈ ಮೇ ತಿಂಗಳಲ್ಲಿ ಮತ್ತೆ ಬಿಚ್ಚಿದೆ. ಎರಡು ಬೇಸಿಗೆಯ ರಾಡಿ ಕುಡಿದಿದ್ದರೂ ಒಂದು ರೆಕ್ಕೆಯೂ ಸೀಳಿಲ್ಲ, ಸ್ವಲ್ಪ ಬಾಗಿವೆ ಅಷ್ಟೇ. ಪ್ಲೇಟಿನ ಮೇಲೆ ದುಂಡಗೆ ಗೀರು ಬಿದ್ದಿದೆ. ಇಷ್ಟು ಬಾಳುತ್ತದೆ ಅಂದುಕೊಂಡಿರಲಿಲ್ಲ. ಕೋಪ ಇಳಿಯಿತು, ಅದೇ ಅಂಗಡಿಯಿಂದ ಅದೇ ಕಿಟ್ ತರಿಸಿದೆ. ಐದಕ್ಕೆ ನಾಲ್ಕು ಸ್ಟಾರ್.

ಈ ಸಲ ಚಾವಿ ಬಂದಿದೆ. ಆದರೂ ನಾನು ಪಾನಾ ಹಿಡಿದು ಅಂಗಳಕ್ಕೆ ಬರುವಷ್ಟರಲ್ಲಿ ಅವ್ವ ಜೋಳ ಎಲ್ಲಾ ಒಳಗೆ ಎತ್ತಿಟ್ಟಿದ್ದಳು.