ಕ್ರಿಸ್ಮಸ್ ಹಾಟ್ ಚಾಕೊಲೇಟ್: ಬಾರೋ, ಕೋಕೋ ಪುಡಿಯೋ, ಡಬ್ಬಿ ಮಿಕ್ಸೋ?

ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಜೊತೆ ಈ ಸಲ ಮನೆಯಲ್ಲೇ ಹಾಟ್ ಚಾಕೊಲೇಟ್ ಮಾಡ್ತೇವೆ, ಯಾವುದು ತರಲಿ ಎಂದು ಕೇಳಿದ್ದೀರಿ. ಮಂಗಳೂರಿನ ಡಿಸೆಂಬರ್‌ನಲ್ಲಿ ಚಳಿ ಹೆಸರಿಗಷ್ಟೇ. ಆದರೂ ಮಕ್ಕಳಿಗೆ ನೆಪ ಸಾಕು, ಅಲ್ವಾ?

ರುಚಿಗೆ ಡಾರ್ಕ್ ಚಾಕೊಲೇಟ್ ಬಾರ್. ಅದರಲ್ಲಿ ಕೋಕೋ ಬೆಣ್ಣೆ ಇರುವುದರಿಂದ ಹಾಲು ದಪ್ಪಗಾಗಿ ನಾಲಿಗೆ ಮೇಲೆ ನಿಲ್ಲುತ್ತದೆ. ಆದರೆ ಲೋಟಕ್ಕೆ 25–30 ಗ್ರಾಂ ಬೇಕು. ನಾಲ್ಕು ಜನಕ್ಕೆ ಸರಿ, ಹದಿನೈದು ಜನ ಸೇರಿದರೆ ಪರ್ಸೂ ಕರಗುತ್ತದೆ.

ದೊಡ್ಡ ಕುಟುಂಬಕ್ಕೆ ಕೋಕೋ ಪುಡಿ ಅಗ್ಗ. ಲೋಟಕ್ಕೆ ಎರಡು ಚಮಚ ಸಾಕು. ಸಕ್ಕರೆ ಎಷ್ಟೆಂಬುದು ನಿಮ್ಮ ಕೈಯಲ್ಲೇ. ಸುಮ್ನೆ ಬಿಸಿ ಹಾಲಿಗೆ ಸುರಿಯಬೇಡಿ ಮಾತ್ರ. ನಾನು ಹಾಗೆ ಮಾಡಿ, ಪಾತ್ರೆ ತುಂಬ ಒಣ ಉಂಡೆಗಳು ತೇಲಿದ್ದವು. ಮೊದಲು ಸ್ವಲ್ಪ ಹಾಲಲ್ಲಿ ರಾಗಿ ಹಿಟ್ಟು ಕದಡಿದ ಹಾಗೆ ಕದಡಿ, ಆಮೇಲೆ ಕುದಿಸಿ.

ಡಬ್ಬಿ ಮಿಕ್ಸ್‌ನಲ್ಲಿ ಸಕ್ಕರೆಯೇ ಜಾಸ್ತಿ. ನಮ್ಮ ಸೆಕೆಗೆ, ಮುಚ್ಚಳ ಸಡಿಲ ಬಿಟ್ಟರೆ ಗಟ್ಟಿಯೂ ಆಗುತ್ತದೆ. ಆದರೆ ರಾತ್ರಿ ಪೂಜೆ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಮಾಡುವುದಾದರೆ ಅದೇ ವಾಸಿ.

ಬಾರ್ ಊರಿನದೇ ಬೇಕೆಂದರೆ ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ್ದು ಇದೆ. ಅವರ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ 1986ರದ್ದು.