ನಿಂಫ್‌ಗೆ ತೂಕ ಯಾವುದರಿಂದ? ಸೀಸ, ಮಣಿ, ತಾಮ್ರ ಕಟ್ಟಿ ನೋಡಿದ್ದು

ನಮ್ಮ ಅಡಿಕೆ ತೋಟದ ಕೆಳಗಿನ ಹಳ್ಳ ಮುಂದೆ ಹೋಗಿ ತುಂಗೆ ಸೇರುತ್ತದೆ. ದೀಪಾವಳಿ ಕಳೆದ ಮೇಲೆ ಕೆಂಪು ನೀರೆಲ್ಲ ಇಳಿದು ತಳದ ಕಲ್ಲು ಕಾಣುತ್ತದೆ. ಆಗ ಒಂದು ಕಲ್ಲು ಮಗುಚಿ ನೋಡಿ. ಮೇಫ್ಲೈ ಅನ್ನುವ ಹಾರುವ ಹುಳುವಿನ ಮರಿಗಳು ಅಂಟಿಕೊಂಡಿರುತ್ತವೆ. ಹೊಟ್ಟೆಯ ಎರಡೂ ಬದಿ ಕಿವಿರು, ಹಿಂದೆ ಎರಡೋ ಮೂರೋ ಎಳೆಬಾಲ. ಇವೇ ನಿಂಫ್. ಮೀನು ಇವನ್ನು ತಳದಲ್ಲೇ ಹೆಕ್ಕುತ್ತದೆ. ಗಾಳದ ಕೊಕ್ಕೆಗೆ ಗರಿ, ತಂತಿ ಸುತ್ತಿ ನಾವು ಕಟ್ಟುವ ನಕಲಿ ನಿಂಫೂ ಅಲ್ಲಿಗೇ ಇಳಿಯಬೇಕು, ಅಲ್ವಾ?

ಅದಕ್ಕೆ ತೂಕ ಬೇಕು. ಈ ಸಲ ನಾಲ್ಕು ಬಗೆ ಕಟ್ಟಿದೆ: ಸೀಸದ ತಂತಿ, ಹಿತ್ತಾಳೆ ಮಣಿ, ಟಂಗ್‌ಸ್ಟನ್ ಮಣಿ, ಬರೀ ತಾಮ್ರದ ತಂತಿ. ಕೊಕ್ಕೆ ಎಲ್ಲಕ್ಕೂ 14ನೇ ನಂಬರ್. ಬಾಲಕ್ಕೂ ಮೈಗೂ ಫೆಸೆಂಟ್ ಹಕ್ಕಿಯ ಬಾಲದ ಗರಿ ಬದಲು ಮನೆಯ ಹೇಂಟೆ ಉದುರಿಸಿದ ಕಂದು ಗರಿ.

ಸೀಸ ಕಟ್ಟುವುದು ಎಲ್ಲಕ್ಕಿಂತ ಸುಲಭ. ಮೆತ್ತಗಿರುತ್ತದೆ, ಉಗುರಲ್ಲೇ ತುಂಡಾಗುತ್ತದೆ. ಎದೆಯ ಜಾಗದಲ್ಲಿ ಏಳೆಂಟು ಸುತ್ತು ಹಾಕಿದರೆ ಆಯಿತು. ಕಲ್ಲಿಗೆ ಅಂಟುವ ಚಪ್ಪಟೆ ಮರಿಯ ಆಕಾರ ಬೇಕಿದ್ದರೆ ಎರಡು ತುಂಡನ್ನು ಕೊಕ್ಕೆಯ ಎರಡೂ ಪಕ್ಕಕ್ಕೆ ಇಟ್ಟು ದಾರದಲ್ಲಿ ಬಿಗಿಯಬಹುದು. ಆದರೆ ಒಂದೇ ಸಂಜೆ ಐದು ನಿಂಫ್ ಕಲ್ಲು ಸಂದಿಗೆ ಸಿಕ್ಕಿ ಹರಿದುಹೋದವು. ಜೊತೆಗಿದ್ದ ತಂಗಿಯ ಗಂಡ ಕೇಳಿದರು: "ಭಾವ, ಕೆಳಗಿನ ಮನೆಯವರು ಈ ನೀರನ್ನೇ ಕುಡಿಯೋದಲ್ವಾ?" ಸೀಸ ವಿಷ. ಅವತ್ತಿಗೇ ಆ ಸುರುಳಿ ಎತ್ತಿಟ್ಟೆ. ಉಳಿದದ್ದರಲ್ಲಿ ಏನು ಕಡಿಮೆ ಬಿದ್ದರೂ ಸೀಸಕ್ಕೆ ಮತ್ತೆ ಹೋಗುವುದಿಲ್ಲ.

ಮಣಿಗಳ ವಿಷಯ ಬೇರೆ. ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು 8.5 ಗ್ರಾಂ, ಟಂಗ್‌ಸ್ಟನ್ 19.3 ಗ್ರಾಂ. ಅಂದರೆ ಅದೇ ಗಾತ್ರದ ಮಣಿಯಲ್ಲಿ ತೂಕ ಎರಡರಷ್ಟು. ನೀರು ತುಂಬಿದ ಗಾಜಿನ ಭರಣಿಗೆ ಎಲ್ಲವನ್ನೂ ಒಟ್ಟಿಗೆ ಬಿಟ್ಟು ನೋಡಿದೆ. ಟಂಗ್‌ಸ್ಟನ್ ಪ್ರತಿ ಸಲವೂ ಮೊದಲು ಮುಟ್ಟಿತು. ಮಡುವಿನಲ್ಲಿ ಇದಕ್ಕೆ ಸಾಟಿಯಿಲ್ಲ. ಎದೆಮಟ್ಟದ ನೀರು, ಮೇಲೆ ಸೆಳವು ಇದ್ದರೂ ಸೀದಾ ತಳಕ್ಕೆ ಹೋಗುತ್ತದೆ. ಆದರೆ ಮೊಣಕಾಲು ನೀರಿನಲ್ಲಿ ಇದೇ ಕಷ್ಟ. ಬಿದ್ದ ತಕ್ಷಣ ಕಲ್ಲಿನ ನಡುವೆ ಕೂತುಬಿಡುತ್ತದೆ, ಹರಿವಿನ ಜೊತೆ ತೇಲಿ ಬರುವುದೇ ಇಲ್ಲ. ಮಣಿ ತಲೆಯಲ್ಲಿರುವುದರಿಂದ ಮೂಗು ಕೆಳಗೆ ಮಾಡಿ ಇಳಿಯುತ್ತದೆ. ಬೆಲೆಯೂ ಜಾಸ್ತಿ. ಹಿತ್ತಾಳೆ ಮಣಿ ಕೆಟ್ಟದ್ದೇನಲ್ಲ, ನನಗೆ ವಿಶೇಷವಾಗಿಯೂ ಕಾಣಲಿಲ್ಲ.

ನನ್ನ ಮನಸ್ಸು ಗೆದ್ದದ್ದು ತಾಮ್ರ. ಇಂಗ್ಲೆಂಡಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ದಾರವನ್ನೇ ಬಿಟ್ಟು ತಾಮ್ರದ ತಂತಿಯಲ್ಲಿ ಫೆಸೆಂಟ್ ಟೇಲ್ ನಿಂಫ್ ಕಟ್ಟಿದವರು. ತಂತಿಯೇ ತೂಕ, ತಂತಿಯೇ ದಾರ. ನಾನು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಕೂದಲೆಳೆಯಂಥ ತಂತಿ ತಂದೆ. ಕೊಕ್ಕೆಯ ಉದ್ದಕ್ಕೂ ಒಂದು ಸುತ್ತು, ಎದೆಯ ಹತ್ತಿರ ಮೇಲಿಂದ ಮೇಲೆ ಸುತ್ತಿ ಸಣ್ಣ ಗೂನು. ಹಿಂದಕ್ಕೆ ಬಂದು ನಾಲ್ಕು ಗರಿ ಎಳೆ ಬಿಗಿದು ತುದಿಯನ್ನು ಬಾಲಕ್ಕೆ ಬಿಡಬೇಕು. ಎಳೆಗಳ ಉಳಿದ ಉದ್ದವನ್ನು ತಂತಿಯ ಜೊತೆ ಹೊಸೆದು ಮುಂದಕ್ಕೆ ಸುತ್ತಬೇಕು. ಕೊನೆಗೆ ಗೂನಿನ ಮೇಲೆ ಎಳೆಗಳನ್ನು ಹಿಂದೆ ಮುಂದೆ ಮಡಚಿದರೆ ರೆಕ್ಕೆಯ ಚೀಲ, ಅಂದರೆ ಮರಿಯ ಬೆನ್ನ ಮೇಲೆ ರೆಕ್ಕೆ ಮೂಡುವ ಉಬ್ಬು. ಕಾಲು ಕಟ್ಟುವುದಿಲ್ಲ. ಈಜುವ ಮರಿ ಕಾಲನ್ನು ಮೈಗೆ ಒತ್ತಿಕೊಂಡಿರುತ್ತದೆ ಅನ್ನುವುದು ಸಾಯರ್ ಕಂಡುಕೊಂಡದ್ದು. ಎಚ್ಚರ, ತಂತಿಯನ್ನು ಜೋರಾಗಿ ಎಳೆದರೆ ಪಟ್ ಅಂತ ತುಂಡಾಗುತ್ತದೆ. ಮೊದಲ ಮೂರು ಹಾಗೇ ಹೋದವು.

ಭರಣಿಯಲ್ಲಿ ತಾಮ್ರದ್ದು ಟಂಗ್‌ಸ್ಟನ್‌ಗಿಂತ ತಡವಾಗಿಯೇ ಇಳಿಯಿತು. ಆದರೆ ತೂಕ ಮೈಯುದ್ದಕ್ಕೂ ಹರಡಿರುವುದರಿಂದ ಅಡ್ಡಡ್ಡವಾಗಿ, ಜೀವ ಇರುವ ಹುಳುವಿನ ಹಾಗೆ ಇಳಿಯಿತು. ಮೈ ಸಪೂರ ಇರುವುದರಿಂದ ಸೆಳವು ಅದನ್ನು ಅಷ್ಟಾಗಿ ಎತ್ತುವುದಿಲ್ಲ. ಹಳ್ಳದಲ್ಲಿ ಸಣ್ಣ ಬರಿಲ್ ಮೀನು ಹಿಡಿದದ್ದೆಲ್ಲ ಹೆಚ್ಚು ಕಡಿಮೆ ಇದನ್ನೇ. ಎಲ್ಲವನ್ನೂ ವಾಪಸ್ ನೀರಿಗೆ ಬಿಟ್ಟೆ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿಟ್ಟರೆ ಬಿಡಿಸುವುದು ಸಲೀಸು.

ಶೃಂಗೇರಿಯಲ್ಲಾಗಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಾಗಲಿ ಗಾಳದ ಮಾತೇ ಬೇಡ. ಅಲ್ಲಿ ಮೀನು ನೋಡಲು ಹೋಗಿ.

ಈಗ ನನ್ನ ಡಬ್ಬಿಯಲ್ಲಿ ತಾಮ್ರದ್ದು ಹತ್ತು, ಮಡುವಿಗೆ ಅಂತ ಟಂಗ್‌ಸ್ಟನ್‌ದು ಎರಡು ಇವೆ.